ಮಗಳಿಗೊಂದು ಪತ್ರ: ಪೆಟ್ಟಿಗೆ ಕಟ್ಟುವ ಮೊದಲು ಕೇಳು

ಉಡುಪಿ, ಭಾನುವಾರ ಸಂಜೆ

ಪ್ರೀತಿಯ ಮಗಳೇ,

ಕರ್ತನ ನಾಮದಲ್ಲಿ ವಂದನೆ. ಜರ್ಮನಿಯ ಆಸ್ಪತ್ರೆಯ ನರ್ಸ್ ಕೆಲಸದ ಆಫರ್ ಲೆಟರನ್ನು ವಾಟ್ಸಾಪಿನಲ್ಲಿ ಕಳಿಸಿ ಅದರ ಕೆಳಗೆ ಎರಡು ಸಾಲು ಬರೆದಿದ್ದೀಯ. "ದೇವರ ಚಿತ್ತ ಏನು ಅಂತ ಗೊತ್ತಾಗ್ತಿಲ್ಲ ಅಮ್ಮ. ಬುಧವಾರದೊಳಗೆ ಸಹಿ ಮಾಡಬೇಕು ಅಂತ ಏಜೆಂಟ್ ಹೇಳ್ತಿದ್ದಾನೆ." ಮೊದಲು ಈ ಎರಡು ಸಾಲುಗಳನ್ನು ಒಂದಕ್ಕೊಂದು ಅಂಟಿಸುವುದನ್ನು ಬಿಡು. ಬುಧವಾರ ಅನ್ನುವುದು ಏಜೆಂಟನ ಚಿತ್ತ. ಇವತ್ತು ರಾತ್ರಿಯೇ ಅವನಿಗೆ ಮೇಲ್ ಹಾಕು: ಕಾಂಟ್ರಾಕ್ಟನ್ನು ಓದಿ ಉತ್ತರ ಕೊಡಲು ಹತ್ತು ದಿನ ಬೇಕು. ಫೋನಿನಲ್ಲಿ ಹೇಳಬೇಡ, ಬರವಣಿಗೆಯಲ್ಲಿರಲಿ. ಹತ್ತು ದಿನ ಕಾಯಲಾರದ ಕೆಲಸವಾದರೆ ಅದೂ ಒಂದು ಮಾಹಿತಿಯೇ.

ಹತ್ತು ದಿನ ಯಾಕೆ ಅಂದರೆ, ಪ್ರವಾದಿ ಯೆರೆಮೀಯನಿಗೇ ಅಷ್ಟು ಬೇಕಾಯಿತು. ಅವನ ಗ್ರಂಥದ 42ನೇ ಅಧ್ಯಾಯ ತೆಗೆ; 40 ಮತ್ತು 41ನ್ನೂ ಓದಿಕೋ, ಇಲ್ಲದಿದ್ದರೆ ಬುಡ ಸಿಗುವುದಿಲ್ಲ. ಬಾಬೆಲಿನವರು ಯೆರೂಸಲೇಮನ್ನು ಸುಟ್ಟುಹಾಕಿದ್ದಾರೆ. ಉಳಿದ ಜನರ ಮೇಲೆ ಅವರು ಇಟ್ಟ ಅಧಿಪತಿ ಗೆದಲ್ಯನನ್ನು ಒಟ್ಟಿಗೆ ಊಟಕ್ಕೆ ಕೂತವರೇ ಕೊಂದರು. ಇನ್ನು ಬಾಬೆಲಿನ ಸೈನ್ಯ ಸೇಡಿಗೆ ಬರುತ್ತದೆ ಎಂದು ಹೆದರಿದ ಜನ ಸೇನಾನಾಯಕ ಯೋಹಾನಾನನ ಹಿಂದೆ ಹೊರಟರು. ಬೇತ್ಲೆಹೇಮಿನ ಹತ್ತಿರ ತಂಗಿದಾಗ ಯೆರೆಮೀಯನ ಬಳಿ ಬಂದು, ನಾವು ಯಾವ ದಾರಿ ಹಿಡಿಯಬೇಕು, ದೇವರನ್ನು ಕೇಳಿ ಹೇಳು, ಉತ್ತರ ಒಳ್ಳೆಯದಿರಲಿ ಕೆಟ್ಟದಿರಲಿ ಒಪ್ಪುತ್ತೇವೆ ಎಂದು ಮಾತು ಕೊಟ್ಟರು. ಮಾತೇನೋ ಚೆನ್ನಾಗಿದೆ. ಆದರೆ 41ರ 17ನೇ ವಚನ ನೋಡು, ಅವರು ತಂಗಿದ್ದೇ ಐಗುಪ್ತಕ್ಕೆ ಹೋಗಬೇಕೆಂದು ಹೊರಟ ದಾರಿಯಲ್ಲಿ. ಟಿಕೆಟ್ ಮಾಡಿಸಿ, ಪೆಟ್ಟಿಗೆ ಕಟ್ಟಿ, ಬಸ್‌ಸ್ಟ್ಯಾಂಡಿನಲ್ಲಿ ಕೂತುಕೊಂಡು "ಹೋಗಲಾ ಬೇಡವಾ" ಎಂದು ಕೇಳಿದ ಹಾಗೆ. ಹತ್ತು ದಿನವಾದ ಮೇಲೆ ಉತ್ತರ ಬಂತು: ಇಲ್ಲೇ ಇರಿ. ಅದಕ್ಕೆ ಅವರು, ನೀನು ಸುಳ್ಳು ಹೇಳುತ್ತಿದ್ದೀ, ನಿನ್ನ ಬರಹಗಾರ ಬಾರೂಕ ನಿನಗೆ ಚಾಡಿ ಹೇಳಿದ್ದಾನೆ ಎಂದು ಎದ್ದು ನಡೆದರು. ಬೇಡ ಅಂದವನನ್ನೂ ಜೊತೆಯಲ್ಲೇ ಐಗುಪ್ತಕ್ಕೆ ಕರೆದುಕೊಂಡು ಹೋದರು.

ಇದನ್ನು ಓದಿ, ದೇವರಿಗೆ ವಿದೇಶ ಇಷ್ಟವಿಲ್ಲ ಅಂದುಕೊಳ್ಳಬೇಡ. ಇದೇ ಯೆರೆಮೀಯ 29ನೇ ಅಧ್ಯಾಯದಲ್ಲಿ ಬಾಬೆಲಿಗೆ ಸೆರೆಹೋದವರಿಗೆ ಕಾಗದ ಬರೆದು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅನ್ನುತ್ತಾನೆ. ಬೇತ್ಲೆಹೇಮಿನ ಜನ ತಪ್ಪಿದ್ದು, ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರಶ್ನೆ ಕೇಳಿದ್ದರಲ್ಲಿ. ಅದಕ್ಕೇ ನಿನ್ನ ಹತ್ತು ದಿನಗಳ ಮೊದಲ ಕೆಲಸ, ನಿನ್ನ ಪೆಟ್ಟಿಗೆ ಈಗಾಗಲೇ ಕಟ್ಟಿದೆಯೋ ಎಂದು ನೋಡಿಕೊಳ್ಳುವುದು.

ನೋಡುವುದು ಹೇಗೆ? ಬಾಗಿಲು ಹಾಕಿಕೊಂಡು ಕೂತು, "ನಿಮ್ಮ ಆಫರ್ ರದ್ದಾಗಿದೆ" ಎಂಬ ಮೇಲ್ ಬಂದಿದೆ ಎಂದುಕೊಂಡು ಒಂದು ನಿಮಿಷ ಇರು. ಮೊದಲು ಏನು ಬಂತು? ನಿರಾಳವೋ, ಸಿಟ್ಟೋ, ಗೆಳತಿಯರಿಗೆ ಏನು ಹೇಳಲಿ ಎಂಬ ನಾಚಿಕೆಯೋ? ಆಮೇಲೆ "ನಿಮ್ಮ ಬೆಂಗಳೂರಿನ ಕೆಲಸ ಖಾಯಂ ಆಗಿದೆ" ಎಂಬ ಮೇಲನ್ನು ಹಾಗೇ ಕಲ್ಪಿಸಿಕೋ. ಬಂದದ್ದನ್ನು ಇದ್ದ ಹಾಗೆ ಬರೆ. ಒಂದು ಕಡೆಗೆ ಮನಸ್ಸು ಜೋರಾಗಿ ಎಳೆದರೆ ಅದು ಪಾಪವೇನಲ್ಲ. ಆದರೆ ಎಳೆಯುತ್ತಿದೆ ಎಂದು ಗೊತ್ತಿರಬೇಕು. ಸಂತ ಇಗ್ನೇಷಿಯಸ್ ಲೊಯೋಲಾ ಇದಕ್ಕೆ ಕೊಟ್ಟ ಹೋಲಿಕೆ ತಕ್ಕಡಿಯದು: ತೀರ್ಮಾನಿಸುವವನು ಯಾವ ತಟ್ಟೆಗೂ ವಾಲದೆ ತಕ್ಕಡಿಯ ಮುಳ್ಳಿನ ಹಾಗೆ ನಡುವೆ ನಿಂತಿರಬೇಕು. ನಾವು ಬಾಸೆಲ್ ಮಿಶನ್ ಕಡೆಯ ಪ್ರೊಟೆಸ್ಟೆಂಟರು, ಅವರು ಕಥೋಲಿಕರು, ಅಂತ ನಿನ್ನ ದೊಡ್ಡಮ್ಮ ಮೂಗು ಮುರಿದಾಳು. ಮುರಿಯಲಿ. 1880ರಲ್ಲಿ ಮಂಗಳೂರಿನ ಅಲೋಶಿಯಸ್ ಕಾಲೇಜು ಶುರು ಮಾಡಿದ ಯೇಸು ಸಭೆಯ (ಜೆಸ್ಯೂಟ್) ಪಾದ್ರಿಗಳು ಇವನು ಕಟ್ಟಿದ ಸಭೆಯವರೇ, ಮತ್ತು ಈ ಒಂದು ವಿಷಯದಲ್ಲಿ ಅವನಷ್ಟು ಬಿಡಿಸಿ ಬರೆದವರು ಕಡಿಮೆ.

ಆ ಹತ್ತು ದಿನಕ್ಕೆ ಅವನ ಕ್ರಮವನ್ನೇ ಸ್ವಲ್ಪ ನಮ್ಮ ರೀತಿಗೆ ತಿರುಗಿಸಿ ಹೇಳುತ್ತೇನೆ. ಮೊದಲ ನಾಲ್ಕು ದಿನ "ಹೋಗುತ್ತೇನೆ" ಎಂದು ತೀರ್ಮಾನವಾದವಳ ಹಾಗೆ ಇರು. ಯಾರಿಗೂ ಹೇಳಬೇಡ, ಹಾಸ್ಟೆಲಿನಲ್ಲಂತೂ ಬೇಡವೇ ಬೇಡ. ಮುಂದಿನ ನಾಲ್ಕು ದಿನ "ಇಲ್ಲೇ ಇರುತ್ತೇನೆ" ಎಂದು ತೀರ್ಮಾನವಾದವಳ ಹಾಗೆ. ಕೊನೆಯ ಎರಡು ದಿನ ಬರೆದದ್ದನ್ನು ಓದುವುದಕ್ಕೆ. ದಿನಕ್ಕೆ ಅರ್ಧ ಗಂಟೆ ಸಾಕು: ಐದು ನಿಮಿಷ ಸುಮ್ಮನೆ, ಹದಿನೈದು ನಿಮಿಷ ಬೈಬಲ್ ವಾಕ್ಯ, ಐದು ನಿಮಿಷ ಈ ವಿಷಯವನ್ನು ದೇವರ ಮುಂದೆ ಬಾಯಿಬಿಟ್ಟು ಹೇಳುವುದು, ಐದು ನಿಮಿಷ ಬರೆಯುವುದು. ವಾಕ್ಯಕ್ಕೆ ಫಿಲಿಪ್ಪಿಯವರಿಗೆ ಬರೆದ ಪತ್ರ ತೆಗೆದುಕೋ. ನಾಲ್ಕೇ ಅಧ್ಯಾಯ, ದಿನಕ್ಕೊಂದರಂತೆ ಹೋಗುವಾಗ ಒಂದು ಸಲ, ಇರುವಾಗ ಒಂದು ಸಲ ಮುಗಿಯುತ್ತದೆ. ಒಂದೇ ಮಾತು ಎರಡು ಮನಸ್ಥಿತಿಯಲ್ಲಿ ಹೇಗೆ ಕೇಳಿಸುತ್ತದೆ ನೋಡು. ಮೊದಲ ಅಧ್ಯಾಯದ 22ರಿಂದ 24ನೇ ವಚನದಲ್ಲಿ ಸೆರೆಯಲ್ಲಿರುವ ಪೌಲನೇ, ಯಾವುದನ್ನು ಆರಿಸಿಕೊಳ್ಳಬೇಕೋ ತಿಳಿಯದು, ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ ಅನ್ನುತ್ತಾನೆ. ಅಪೊಸ್ತಲನಿಗೂ ಆಕಾಶದಿಂದ ಧ್ವನಿ ಬರಲಿಲ್ಲ. ತನಗೆ ಯಾವುದು ಇಷ್ಟ ಎಂದು ಹೇಳಿ, ಆ ಜನರಿಗೆ ಯಾವುದು ಹೆಚ್ಚು ಅಗತ್ಯ ಎಂದು ತೂಗಿ, ಅದರ ಕಡೆಗೆ ನಿಂತ. ನಿನ್ನ ಪುಸ್ತಕದಲ್ಲೂ ಆ ಪ್ರಶ್ನೆ ಇರಲಿ: ಇದರಿಂದ ಯಾರಿಗೆ ಏನು ಸಿಗುತ್ತದೆ, ಯಾರಿಗೆ ಏನು ತಪ್ಪುತ್ತದೆ?

ಬರೆಯುವುದನ್ನು ನಿನಗೆ ಯಾರೂ ಕಲಿಸಬೇಕಿಲ್ಲ. ವಾರ್ಡಿನಲ್ಲಿ ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟ್ ಇದ್ದ ಹಾಗೆಯೇ. ತಾರೀಖು, ಯಾವ ಡ್ಯೂಟಿ, ಎಷ್ಟು ಗಂಟೆ ನಿದ್ದೆ, ಪ್ರಾರ್ಥನೆ ಮುಗಿದ ಕೂಡಲೇ ಮನಸ್ಸು ಹೇಗಿತ್ತು, ಮೂರು ನಾಲ್ಕು ಗಂಟೆ ಕಳೆದ ಮೇಲೆ ಹೇಗಿತ್ತು. ಕೊನೆಯ ಕಾಲಂ ಬಿಡಬೇಡ, ಇರುವ ಗುಟ್ಟೆಲ್ಲ ಅಲ್ಲೇ. 1521ರಲ್ಲಿ ಪಾಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಇಗ್ನೇಷಿಯಸನಿಗೆ ಎರಡು ಬಗೆಯ ಹಗಲುಗನಸು ಬೀಳುತ್ತಿತ್ತು: ದೊಡ್ಡಮನೆಯ ಹೆಣ್ಣೊಬ್ಬಳ ಮುಂದೆ ವೀರನಾಗಿ ಮೆರೆಯುವುದು ಒಂದು, ಸಂತರ ಹಾಗೆ ಬಾಳುವುದು ಇನ್ನೊಂದು. ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಒಣಗಿಸಿ ಹೋಗುತ್ತಿತ್ತು, ಎರಡನೆಯದರ ಖುಷಿ ಉಳಿಯುತ್ತಿತ್ತು. ಅಷ್ಟನ್ನು ಗಮನಿಸಿದ್ದೇ ಆಮೇಲಿನ ಅವನ ಎಲ್ಲ ನಿಯಮಗಳಿಗೂ ಬೀಜ. ಬಾಯಿಗಿಟ್ಟಾಗಿನ ರುಚಿಗಿಂತ ನುಂಗಿದ ಮೇಲೆ ನಾಲಗೆಯಲ್ಲಿ ಉಳಿದ ರುಚಿ ನೋಡು. ಜರ್ಮನಿಯ ಫೋಟೋ ನೋಡಿದ ಹತ್ತು ನಿಮಿಷ ಎಲ್ಲರಿಗೂ ಸಂತೋಷವಾಗುತ್ತದೆ. ಒಂದು ಸಲದ ಟೆಂಪರೇಚರ್ ನೋಡಿ ಜ್ವರ ಯಾವುದು ಎಂದು ನೀವು ಹೇಳುವುದಿಲ್ಲವಲ್ಲ, ಇದೂ ಹಾಗೆ.

ಇಲ್ಲಿ ಕೆಡುವುದು ಎರಡು ಕಡೆ. ನೈಟ್ ಡ್ಯೂಟಿ ಮುಗಿಸಿ, ತಲೆ ಸಿಡಿಯುತ್ತಿರುವಾಗ, ಇನ್‌ಚಾರ್ಜ್ ಬೈದ ದಿನ "ಸಾಕಪ್ಪಾ, ಹೋಗೇಬಿಡುತ್ತೇನೆ" ಅನಿಸುವುದು ಒಂದು. ಮನಸ್ಸು ಕುಗ್ಗಿದ ಹೊತ್ತಿನಲ್ಲಿ ಹಿಂದೆ ಮಾಡಿದ್ದ ತೀರ್ಮಾನ ಬದಲಿಸಬೇಡ ಎಂಬುದು ಅದಕ್ಕೆ ಮದ್ದು. ಪ್ರವಾದಿ ಎಲೀಯ ಗಿಡದ ಕೆಳಗೆ ಬಿದ್ದು ಸಾಯಬೇಕು ಅಂದಾಗ ದೇವರು ಮೊದಲು ಕಳಿಸಿದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರು. ತಿಂದು ಮಲಗಿದ, ಎಬ್ಬಿಸಿ ಮತ್ತೆ ತಿನ್ನಿಸಿದರು. ಮುಂದೇನು ಮಾಡಬೇಕು ಎಂಬ ಮಾತು ಬಂದದ್ದು ಎಷ್ಟೋ ದಿನದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಆದ್ದರಿಂದ ಆರು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನದ ಸಾಲಿನ ಪಕ್ಕ ಒಂದು ಚುಕ್ಕೆ ಇಡು, ಕೊನೆಯಲ್ಲಿ ಲೆಕ್ಕ ಹಾಕುವಾಗ ಆ ಸಾಲು ಬಿಟ್ಟುಬಿಡು. ಇನ್ನೊಂದು ಇದಕ್ಕೆ ತದ್ವಿರುದ್ಧ: ಕನ್ವೆನ್ಷನ್ ಮುಗಿಸಿ ಬಂದ ರಾತ್ರಿ ಹಾಡುಗಳ ಗುಂಗಿನಲ್ಲಿ ಹರಕೆ ಕಟ್ಟಿಕೊಳ್ಳುವುದು. ಅವತ್ತೂ ಸಹಿ ಬೇಡ.

ನಿನ್ನ ಬೈಬಲಿನಲ್ಲಿರುವ ವಾಗ್ದಾನದ ಚೀಟಿಯ ಬಗ್ಗೆ ಕೇಳಿದ್ದೀಯ. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಿಂದ ಎತ್ತಿದ್ದು, ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆ ಎಂದು ದೇವರು ಆ ಸೆರೆಯವರಿಗೆ ಹೇಳುವ ಒಳ್ಳೆಯ ನಿರೀಕ್ಷೆಯ ವಚನ. ಇದು ಜರ್ಮನಿಯ ಬಗ್ಗೆಯೇ ಇರಬಹುದಾ ಎಂದು ನಿನ್ನ ಪ್ರಶ್ನೆ. ಇಲ್ಲ, ಮಗಾ. ಆ ತಟ್ಟೆಯಿಂದ ಅದೇ ಚೀಟಿ ಎಷ್ಟು ಜನರ ಕೈಗೆ ಹೋಗಿದೆಯೋ ಎಣಿಸಿದವರಿಲ್ಲ. ಅವರೆಲ್ಲ ಜರ್ಮನಿಗೆ ಹೋಗಬೇಕೇ? ಅದರ ಹಿಂದಿನ ವಚನವನ್ನು ಯಾರೂ ಚೀಟಿಯಲ್ಲಿ ಅಚ್ಚು ಹಾಕಿಸುವುದಿಲ್ಲ. ಎಪ್ಪತ್ತು ವರ್ಷ ಆದ ಮೇಲೆ ಎಂದು ಅಲ್ಲಿದೆ. ಕಾಗದ ಕೈಗೆ ಬಂದಾಗ ನಡುವಯಸ್ಸು ದಾಟಿದ್ದವರು ತಿರುಗಿ ಊರು ಕಾಣಲಿಲ್ಲ. ಎರಡೇ ವರ್ಷದಲ್ಲಿ ಎಲ್ಲ ಸರಿಯಾಗುತ್ತದೆ ಎಂದು ಹೇಳಿದವನು ಹನನ್ಯ, 28ನೇ ಅಧ್ಯಾಯದ ಸುಳ್ಳು ಪ್ರವಾದಿ. ಚೀಟಿ ಎತ್ತುವ ಪದ್ಧತಿಗೆ ಬೇರು ನೀನು ಹೋಗಬೇಕೆಂದಿರುವ ದೇಶದಲ್ಲೇ ಇದೆ. ಹೆರ್ನ್‌ಹೂಟ್ ಎಂಬ ಊರಿನ ಮೊರೇವಿಯನ್ ಸಭೆಯಲ್ಲಿ 1728ರಲ್ಲಿ ದಿನಕ್ಕೊಂದು ವಚನ ಕೊಡುವುದು ಶುರುವಾಯಿತು, 1731ರಿಂದ ಪುಸ್ತಕವಾಗಿ ಬರುತ್ತಿದೆ. ಹಳೆ ಒಡಂಬಡಿಕೆಯ ವಚನವನ್ನು ಈಗಲೂ ಚೀಟಿ ಎತ್ತಿ ಆರಿಸುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಮಾತ್ರ ಮನುಷ್ಯರು ಕೂತು ಹುಡುಕುತ್ತಾರೆ. ಆ ಸಭೆಯವರು ಒಂದು ಕಾಲದಲ್ಲಿ ಮದುವೆಯನ್ನೂ ಚೀಟಿ ಹಾಕಿಯೇ ಗೊತ್ತು ಮಾಡುತ್ತಿದ್ದರು. 1818ರಲ್ಲಿ ಸಾಮಾನ್ಯ ಸದಸ್ಯರ ಮಟ್ಟಿಗೆ ಆ ಕಟ್ಟಳೆ ತೆಗೆದರು. ದಿನದ ವಚನ ಉಳಿಸಿಕೊಂಡರು. ಅದು ಸರಿಯಾದ ವಿವೇಕ ಎಂದು ನನಗನಿಸುತ್ತದೆ. ವಚನ ಊಟಕ್ಕೆ, ಲಾಟರಿಗಲ್ಲ. ಬೈಬಲಿನಲ್ಲೂ ಚೀಟಿ ಹಾಕುವುದು ಕೊನೆಯದಾಗಿ ಕಾಣುವುದು ಮತ್ತೀಯನನ್ನು ಆರಿಸುವಾಗ, ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದಲ್ಲಿ. ಎರಡನೇ ಅಧ್ಯಾಯದಲ್ಲಿ ಪವಿತ್ರಾತ್ಮನು ಬಂದ ಮೇಲೆ ಅವರು ಕೂತು ಮಾತಾಡಿ ತೀರ್ಮಾನಿಸುವುದನ್ನೇ ನೋಡುತ್ತೇವೆ.

ಗುರುತು ಕೇಳುವುದೂ ಇದರ ತಂಗಿಯೇ. "ಶುಕ್ರವಾರದೊಳಗೆ ವೀಸಾ ಅಪಾಯಿಂಟ್‌ಮೆಂಟ್ ಸಿಕ್ಕರೆ ದೇವರ ಚಿತ್ತ" ಅಂದುಕೊಂಡರೆ, ಆ ಕಚೇರಿಯಲ್ಲಿ ಎಷ್ಟು ಫೈಲು ಬಾಕಿ ಇದೆ ಎಂಬುದು ಮಾತ್ರ ಗೊತ್ತಾಗುತ್ತದೆ. ಇಬ್ಬನಿಯ ಗುರುತು ನೋಡಲು ಗಿದ್ಯೋನ ಉಣ್ಣೆ ಹಾಸಿದ್ದನಲ್ಲ ಅನ್ನುತ್ತೀಯಾ? ಅವನಿಗೆ ಏನು ಮಾಡಬೇಕೆಂದು ದೇವರು ಮೊದಲೇ ಹೇಳಿಯಾಗಿತ್ತು, ನ್ಯಾಯಸ್ಥಾಪಕರು 6:14. ಉಣ್ಣೆ ಹಾಸಿದ್ದು ದಾರಿ ತಿಳಿಯುವುದಕ್ಕಲ್ಲ, ಹೆದರಿಕೆಗೆ. ಸಿಟ್ಟಾಗಬೇಡ ಎಂದು ಅವನೇ ಬೇಡಿಕೊಳ್ಳುತ್ತಾನೆ. ಬಾಗಿಲು ತೆರೆದಿದೆ ಎನ್ನುವ ಮಾತಿಗೂ ಅಷ್ಟೇ ಜಾಗ್ರತೆ ಬೇಕು. ದೇವರಿಂದ ಓಡಿಹೋಗುತ್ತಿದ್ದ ಯೋನನಿಗೆ ಯೊಪ್ಪದಲ್ಲಿ ಹಡಗು ಸಿದ್ಧವಾಗಿಯೇ ನಿಂತಿತ್ತು, ಪ್ರಯಾಣದ ದುಡ್ಡೂ ಕೈಯಲ್ಲಿತ್ತು. ತ್ರೋವದಲ್ಲಿ ಪೌಲನಿಗೆ ಬಾಗಿಲು ತೆರೆದಿದ್ದರೂ, ಜೊತೆಗಾರ ತೀತನು ಸಿಗಲಿಲ್ಲವೆಂದು ಮನಸ್ಸಿಗೆ ನೆಮ್ಮದಿಯಿಲ್ಲದೆ ಬಿಟ್ಟು ಹೋದ. ಎರಡನೆಯ ಕೊರಿಂಥ 2:12, 13. ತೆರೆದ ಬಾಗಿಲು ಅಂದರೆ ಒಳಗೆ ಹೋಗಬಹುದು ಎಂದಷ್ಟೇ ಅರ್ಥ.

ಈಗ ಲೆಕ್ಕ. ಇದನ್ನು ಲೌಕಿಕ ಎಂದು ಬದಿಗಿಡಬೇಡ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸುವುದಿಲ್ಲವೇ ಎಂದು ಕೇಳಿದವನು ಯೇಸು ಸ್ವಾಮಿಯೇ, ಲೂಕ 14:28. ಏಜೆಂಟನ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ತಾಣದಲ್ಲಿ ಹುಡುಕು. ಹೆಸರು, ವಿಳಾಸ ಎರಡೂ ತಾಳೆಯಾಗಬೇಕು. ನೋಂದಾಯಿತ ಏಜೆಂಟ್ ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಸರಕಾರ ಹಾಕಿದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಇಲ್ಲದೆ ಲಕ್ಷಗಟ್ಟಲೆ ಕೇಳಿದರೆ ಪ್ರಾರ್ಥಿಸುವ ಪ್ರಶ್ನೆಯೇ ಇಲ್ಲ, ಬಿಟ್ಟುಬಿಡು. ಕಾಂಟ್ರಾಕ್ಟಿನಲ್ಲಿ ನೋಡಬೇಕಾದ್ದು: ಅಲ್ಲಿ ನಿನ್ನ ನರ್ಸಿಂಗ್ ಪದವಿಗೆ ಮಾನ್ಯತೆ ಸಿಗುವವರೆಗೆ ನಿನ್ನನ್ನು ಸಹಾಯಕಿಯಾಗಿ ಇಟ್ಟುಕೊಳ್ಳುತ್ತಾರೆ, ಆಗಿನ ಸಂಬಳ ಕಡಿಮೆ. ಆ ಸಂಬಳ ಎಷ್ಟು, ಮಾನ್ಯತೆಯ ಮೇಲೆ ಎಷ್ಟು, ಎರಡೂ ಅಂಕಿ ಬರೆದಿರಬೇಕು. ಮಾನ್ಯತೆಗೆ ಸಾಮಾನ್ಯವಾಗಿ ಭಾಷೆಯ ಬಿ2 ಹಂತ ಕೇಳುತ್ತಾರೆ. ಕೋರ್ಸಿನ ಖರ್ಚು ಯಾರದ್ದು, ನಡುವೆ ಕೆಲಸ ಬಿಟ್ಟರೆ ಎಷ್ಟು ವಾಪಸ್ ಕಟ್ಟಬೇಕು, ಎಷ್ಟು ತಿಂಗಳವರೆಗೆ? ಜರ್ಮನ್ ಪ್ರತಿಗೂ ಇಂಗ್ಲಿಷ್ ಪ್ರತಿಗೂ ವ್ಯತ್ಯಾಸ ಬಂದರೆ ಯಾವುದು ನಡೆಯುತ್ತದೆ? ಕಾಗದದಲ್ಲಿರುವ ಸಂಬಳ ಕೈಗೆ ಬರುವುದಿಲ್ಲ, ತೆರಿಗೆ ಮತ್ತು ವಿಮೆ ಕಳೆಯುತ್ತಾರೆ. ನಮ್ಮವರಿಗೆ ಇನ್ನೊಂದು ಬಾಬ್ತಿದೆ: ಅಲ್ಲಿ ಹೆಸರು ನೋಂದಾಯಿಸುವಾಗ ಧರ್ಮದ ಕಾಲಂನಲ್ಲಿ ಪ್ರೊಟೆಸ್ಟೆಂಟ್ ಎಂದೋ ಕಥೋಲಿಕ್ ಎಂದೋ ಬರೆದರೆ ಸಭಾ ತೆರಿಗೆ ಹಿಡಿಯುತ್ತಾರೆ, ಆದಾಯ ತೆರಿಗೆಯ ಮೊತ್ತದ ಮೇಲೆ ಶೇಕಡಾ 8 ಅಥವಾ 9, ರಾಜ್ಯವನ್ನು ನೋಡಿಕೊಂಡು. ಕೊಡಬಾರದು ಎಂದಲ್ಲ, ಮೊದಲ ಸಂಬಳದ ಚೀಟಿ ನೋಡಿ ಗಾಬರಿಯಾಗಬೇಡ ಎಂದಷ್ಟೇ.

ಬರೀ ಲೆಕ್ಕ ನೋಡಿ ಕೇಳುವುದನ್ನು ಬಿಡುವುದೂ ಕೆಡುಕೇ. ಯೆಹೋಶುವನ ಜನ, ಪಕ್ಕದವರಾಗಿದ್ದೂ ದೂರದೇಶದವರ ಹಾಗೆ ನಟಿಸಿ ಒಪ್ಪಂದಕ್ಕೆ ಬಂದ ಗಿಬ್ಯೋನ್ಯರ ಬೂಸಲು ರೊಟ್ಟಿ, ತೇಪೆ ಹಾಕಿದ ಕೆರ ಎಲ್ಲ ಚೆನ್ನಾಗಿಯೇ ಪರೀಕ್ಷಿಸಿದರು. ಯೆಹೋವನನ್ನು ಮಾತ್ರ ಕೇಳಲಿಲ್ಲ, ಮೋಸಹೋದರು.

ಯಾರ ಹತ್ತಿರ ಮಾತಾಡಲಿ ಅಂದರೆ, ಮೂವರು ಸಾಕು. ನಿನ್ನ ಸಿಟ್ಟು, ಸೋಮಾರಿತನ ಎರಡೂ ಬಲ್ಲ ಒಬ್ಬರು, ಅಲ್ಲಿ ಕೆಲಸ ಮಾಡಿ ಎರಡು ವರ್ಷವಾದರೂ ಕಳೆದ ಒಬ್ಬ ನರ್ಸ್, ಸಭಾಪಾಲಕರು. ಮೂವರಿಗೂ ಒಂದೇ ಕಾಗದ, ಒಂದೇ ಅಂಕಿ ಕೊಡು. ಒಬ್ಬರಿಗೆ ಸಂಬಳ, ಇನ್ನೊಬ್ಬರಿಗೆ ಕಷ್ಟ ಮಾತ್ರ ಹೇಳಿದರೆ ಬೇಕಾದ ಉತ್ತರವನ್ನು ನೀನೇ ಹೇಳಿಸಿಕೊಂಡಂತೆ. ಮತ್ತು ಸಭಾಪಾಲಕರು ಕೂಡಲೇ "ಹೋಗಮ್ಮ, ಒಳ್ಳೆಯದಾಗುತ್ತದೆ" ಅಂದರೆ ಅದನ್ನು ಅವರ ಹಾರೈಕೆ ಎಂದು ತೆಗೆದುಕೋ. ದೇವಾಲಯ ಕಟ್ಟಲಾ ಎಂದು ದಾವೀದ ಕೇಳಿದಾಗ, ಮನಸ್ಸಿನಲ್ಲಿರುವುದನ್ನೆಲ್ಲ ಮಾಡು ಎಂದು ಪ್ರವಾದಿ ನಾತಾನನೇ ಹೇಳಿಬಿಟ್ಟಿದ್ದ. ಅದೇ ರಾತ್ರಿ ದೇವರು ಅವನನ್ನು ತಿದ್ದಬೇಕಾಯಿತು.

ಪ್ರಾರ್ಥನಾ ಕೂಟದ ಅಕ್ಕ "ನಿನ್ನ ತಲೆಯ ಮೇಲೆ ವಿಮಾನ ಕಂಡೆ, ಕರ್ತನು ಹೋಗು ಅನ್ನುತ್ತಿದ್ದಾನೆ" ಅಂದರಲ್ಲ, ಅದನ್ನು ತಳ್ಳಿಹಾಕಬೇಡ, ನುಂಗಲೂಬೇಡ. ಥೆಸಲೋನಿಕದವರಿಗೆ ಪೌಲ ಎರಡನ್ನೂ ಒಟ್ಟಿಗೆ ಹೇಳಿದ್ದಾನೆ: ಪ್ರವಾದನೆಯನ್ನು ಹೀನೈಸಬೇಡಿ, ಎಲ್ಲವನ್ನೂ ಪರೀಕ್ಷಿಸಿ. ಕಂಡದ್ದು ಬೇರೆ, ಅದಕ್ಕೆ ಹಚ್ಚಿದ ಅರ್ಥ ಬೇರೆ. ಕೈಸರೈಯದಲ್ಲಿ ಪ್ರವಾದಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟುತ್ತಾರೆ ಅಂದ. ಕೇಳಿದವರೆಲ್ಲ "ಹೋಗಬೇಡ" ಎಂದು ಅತ್ತರು. ಅಗಬನು ಹೋಗಬೇಡ ಎಂದಿರಲಿಲ್ಲ. ಪೌಲ ಹೋದ. ಆ ಅಕ್ಕನನ್ನು ಕೇಳು, ಕಂಡದ್ದು ಎಷ್ಟು, ಅನಿಸಿದ್ದು ಎಷ್ಟು; ಸಭಾಪಾಲಕರ ಮುಂದೆ ಇದನ್ನೇ ಹೇಳುತ್ತೀರಾ? ಹೀಗೆ ಕೇಳಿದ್ದಕ್ಕೆ ಸಿಟ್ಟಾದರೆ, ಅಥವಾ ಕಾಣಿಕೆಯ ಮಾತು ಬಂದರೆ, ಅಲ್ಲಿಗೆ ಮುಗಿಸು.

ತೀರ್ಮಾನವಾದ ಮೇಲೆ ಎಲ್ಲ ಸಲೀಸಾಗಿ ನಡೆಯಬೇಕು, ಇಲ್ಲದಿದ್ದರೆ ತಪ್ಪು ಕೇಳಿಸಿಕೊಂಡೆ ಎಂದು ಒದ್ದಾಡುವವರಿದ್ದಾರೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ನಿಧಾನವಾಗಿ ಓದು. ಪೌಲ ಮತ್ತು ಜೊತೆಯವರು ಆಸ್ಯ ಎಂಬ ಸೀಮೆಯಲ್ಲಿ ಸಾರಬೇಕೆಂದರು, ಪವಿತ್ರಾತ್ಮನು ತಡೆದ. ಬಿಥೂನ್ಯಕ್ಕೆ ಹೊರಟರು, ಅಲ್ಲೂ ತಡೆ. ಯಾಕೆ ಎಂದು ಬರೆದಿಲ್ಲ. ನಡೆಯುತ್ತಾ ನಡೆಯುತ್ತಾ ತ್ರೋವಕ್ಕೆ ಬಂದ ಮೇಲೆ ಪೌಲನಿಗೆ ರಾತ್ರಿ ಮಕೆದೋನ್ಯದ ಗಂಡಸೊಬ್ಬ ಕರೆಯುವ ದರ್ಶನ. ಅದರ ಮೇಲೂ "ನಾವು ನಿಶ್ಚಯಿಸಿಕೊಂಡೆವು" ಎಂದು ಬಹುವಚನದಲ್ಲಿ ಬರೆದಿದೆ. ಒಬ್ಬ ಕಂಡದ್ದನ್ನು ಎಲ್ಲರೂ ಸೇರಿ ಕೂಡಿಸಿ ನೋಡಿದರು. ಫಿಲಿಪ್ಪಿಗೆ ಹೋದರೆ ಸಿಕ್ಕಿದ್ದು ಗಂಡಸಲ್ಲ, ಹೊಳೆಯ ದಡದಲ್ಲಿ ಪ್ರಾರ್ಥಿಸುತ್ತಿದ್ದ ಹೆಂಗಸರು. ಮೊದಲು ನಂಬಿದ ಲುದ್ಯಳು ಥುವತೈರದವಳು, ಅಂದರೆ ಹೋಗಬೇಡ ಅಂದಿದ್ದ ಆಸ್ಯದವಳೇ! ಆಮೇಲೆ ಕೋಲಿನ ಪೆಟ್ಟು, ಸೆರೆಮನೆ, ಕಾಲಿಗೆ ಕೋಳ. ಇಷ್ಟೆಲ್ಲ ಸರಿಯಾದ ದಾರಿಯಲ್ಲೇ. ಮತ್ತೆ 19ನೇ ಅಧ್ಯಾಯದಲ್ಲಿ ಅದೇ ಪೌಲ ಆಸ್ಯದ ಎಫೆಸದಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇರುತ್ತಾನೆ.

ಕೊನೆಗೆ ನನ್ನದು. ನೀನು ನಾಲ್ಕೈದು ಗಂಟೆಯ ಬಸ್ಸಿನ ದೂರದಲ್ಲಿ, ಹೋಗಲಿ, ಒಂದು ರಾತ್ರಿಯ ದೂರದಲ್ಲಾದರೂ ಇರಬೇಕು ಎಂಬುದು ನನ್ನ ಆಸೆ. ಇದನ್ನು ಆಸೆಯ ಕಾಲಂನಲ್ಲೇ ಬರೆದುಕೋ, ದೇವರ ಚಿತ್ತದ ಕಾಲಂಗೆ ಹಾಕಬೇಡ. ನಿನ್ನ ಅಪ್ಪನ ಬಿಪಿ ಮಾತ್ರೆ, ಮನೆ ಸಾಲದ ಇನ್ನುಳಿದ ಕಂತುಗಳು ಇವು ಆಸೆಯಲ್ಲ, ಅಂಕಿ. ಅವುಗಳ ಪಟ್ಟಿಯನ್ನು ಬೇರೆ ಕಾಗದದಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ, ಹೆಚ್ಚೂ ಮಾಡಿಲ್ಲ, ಕಡಿಮೆಯೂ ಮಾಡಿಲ್ಲ.

ಏಜೆಂಟನಿಗೆ ಮೇಲ್ ಹಾಕಿದ ಕೂಡಲೇ ಪ್ರತಿ ನನಗೂ ಕಳಿಸು. ಹನ್ನೊಂದನೇ ದಿನ ನಿನಗೆ ವೀಕ್ಲಿ ಆಫ್ ಬರುವ ಹಾಗೆ ಡ್ಯೂಟಿ ಬದಲಿಸಿಕೊಳ್ಳಲು ಆಗುತ್ತದಾ ನೋಡು. ಅವತ್ತು ಬೆಳಿಗ್ಗೆ ನಿದ್ದೆ ಮುಗಿಸಿ, ತಿಂಡಿ ತಿಂದು, ನೋಟ್‌ಬುಕ್ ಎದುರಿಗಿಟ್ಟುಕೊಂಡು ಫೋನು ಮಾಡು. ಅಪ್ಪನನ್ನೂ ಕೂರಿಸಿಕೊಂಡಿರುತ್ತೇನೆ.

ನಿನ್ನ,
ಅಮ್ಮ